ಬೇಸ್ ಇಳಿಸಿದ ಹಾಡು

ನಿಪ್ಪಾಣಿಯಲ್ಲಿ ನಮ್ಮ ಮದುವೆ ಮೆರವಣಿಗೆಗಳಿಗೆ ಡಿಜೆ ಹಚ್ಚುತ್ತಿದ್ದವನು, ಬಿಡುವಿನಲ್ಲಿ ಅಮೆರಿಕದ ದಕ್ಷಿಣ ರಾಜ್ಯಗಳ ರ‍್ಯಾಪ್ ಕೇಳುತ್ತಿದ್ದ. "ಬರೇ ಕುಣಿಯೋದಲ್ರಿ ಇದು, ಮಾತ ಕೇಳ್ರಿ" ಎಂದು ಹೆಡ್‌ಫೋನ್ ನಮ್ಮತ್ತ ಚಾಚುತ್ತಿದ್ದ. ನಾವು ನಗುತ್ತಿದ್ದೆವು.

ನನ್ನ ತಮ್ಮನ ಮದುವೆ ಮೆರವಣಿಗೆ ಸಾವಾದ ಮನೆಯೊಂದರ ಮುಂದೆ ಬಂತು. ಅಂಥಲ್ಲಿ ಡಿಜೆ ಬಂದ್ ಮಾಡುವುದು ರೂಢಿ. ಅವನು ಬಂದ್ ಮಾಡಲಿಲ್ಲ. ಎದೆಗೆ ಗುದ್ದುವ ಬೇಸ್ ಸದ್ದು ಇಳಿಸಿ, ತೀರಿಹೋದ ತನ್ನ ಅಜ್ಜಿಯನ್ನು ನೆನೆದು ಯಾರೋ ಹಾಡಿದ ರ‍್ಯಾಪ್ ಒಂದನ್ನು ಮೆಲ್ಲಗೆ ಹಚ್ಚಿದ. ಅವನ ಲೆಕ್ಕದಲ್ಲಿ ಅದೇ ಮರ್ಯಾದೆ.

"ಬೇಸ್ ಏರಸ್ಲೇ!" ಎಂದು ಕೂಗಿ ನಾವು ಕುಣಿದೆವು. ಆ ಮನೆಯ ಮುದುಕಿ ಬಾಗಿಲಿಗೆ ಬಂದು ನಿಂತಳು.

ಅವನು ಹಾಡು ನಿಲ್ಲಿಸಿ, ಗಾಡಿಯಿಂದಿಳಿದು ಆಕೆಗೆ ಕೈಮುಗಿದ. "ತಪ್ಪಾತ್ರಿ, ಆಯಿ. ಅದು ಅಳೋ ಹಾಡ್ರಿ."

ಕುಣಿಯಲು ಎತ್ತಿದ್ದ ಕೈಗಳನ್ನು ಇಳಿಸಲೂ ನಮಗೆ ನಾಚಿಕೆಯಾಯಿತು.