ಕುರ್ಚಿಗೆ ಹಾಕಿದ ಟವಲ್

ನಮ್ಮ ಕಾರ್ಖಾನೆಯ ಲ್ಯಾಬಿಗೆ ಹೊಸ ಪದವೀಧರರು ಬೇಕೆಂದು ಮದ್ದೂರಿನ ಕಾಲೇಜೊಂದರಲ್ಲಿ ಸಂದರ್ಶನ ಏರ್ಪಡಿಸಿದ್ದೆ. ಎಲ್ಲ ಮುಗಿಸಿ ಏಳುವಾಗ ಹಿರಿಯರೊಬ್ಬರು ಒಳಬಂದು ನನ್ನೆದುರಿನ ಖಾಲಿ ಕುರ್ಚಿಗೆ ಟವಲ್ ಹಾಕಿದರು.

“ಇದು ನನ್ ಮಗಳ ಸೀಟು. ಬೆಸಗರಳ್ಳಿಯಿಂದ ಬತ್ತಾವಳೆ.”

“ಯಜಮಾನ್ರೇ, ಇದು ಬಸ್ಸಲ್ಲ. ಟೈಮ್ ಮುಗೀತು.”

“ಟವಲ್ ಹಾಕಿದ್ ಸೀಟ್ನ ಕಂಡಕ್ಟ್ರೇ ಮುಟ್ಟಾಕಿಲ್ಲ ಕಣಪ್ಪ. ನೀನ್ ಮುಟ್ಟೀಯಾ?”

ಎತ್ತಿಕೊಂಡಿದ್ದ ಫೈಲನ್ನು ಮೇಜಿನ ಮೇಲಿಟ್ಟೆ. ಮತ್ತೆ ಕೂತೆ.

ಸ್ವಲ್ಪ ಹೊತ್ತಿಗೆ ಮಗಳು ಏದುಸಿರು ಬಿಡುತ್ತಾ ಬಂದಳು. ಕೇಳಿದ್ದಕ್ಕೆಲ್ಲ ಚೆನ್ನಾಗಿ ಉತ್ತರಿಸಿದಳು. ಕೊನೆಗೆ, ತಡವೇಕಾಯಿತು ಎಂದೆ.

“ಮೊದಲ್ನೇ ಬಸ್ಸಲ್ಲಿ ಸೀಟಿರ್ಲಿಲ್ಲ ಸಾರ್. ಬಿಟ್ಬಿಟ್ಟೆ.”

ಅಪ್ಪ ಕಿಟಕಿಯಾಚೆ ನೋಡತೊಡಗಿದರು.

ಕೆಲಸವನ್ನು ಅವಳಿಗೇ ಕೊಟ್ಟೆವು. ಲ್ಯಾಬಿನಲ್ಲಿ ದಿನವಿಡೀ ನಿಂತೇ ಇರಬೇಕು ಎಂದು ಹೇಳುವ ಧೈರ್ಯ ಮಾತ್ರ ಅವಳ ಅಪ್ಪನ ಮುಂದೆ ಬರಲಿಲ್ಲ.