ತಾರೀಖಿಲ್ಲದ ಕಾಯ್ದೆ

ವಿವಾಹ ಕಾನೂನು ಮತ್ತು ಮಕ್ಕಳ ರಕ್ಷಣೆಯ ಕುರಿತು ನಮ್ಮ ಶಾಸನಸಭೆಯ ಮುಂದೆ ಬಂದ ಮಸೂದೆಗಳಲ್ಲಿ, ಇದೀಗ ನಿವೃತ್ತರಾದ ಮೇಡಂ ಅವರ ಕೈಯಿಂದ ಮೊದಲು ಹೊರಡದವು ವಿರಳ. ಕಿಟಕಿಯಿಲ್ಲದ ಕರಡು ಶಾಖೆಯಲ್ಲೇ ಸೇವಾವಧಿಯನ್ನು ಸವೆಸಿದ ಅವರನ್ನು ನಾವು ಕಿರಿಯರು ಬೆನ್ನ ಹಿಂದೆ ‘ಕರಡಕ್ಕ’ ಎನ್ನುತ್ತಿದ್ದುದು ಅವರಿಗೂ ಗೊತ್ತಿತ್ತು. ನಮ್ಮ ತಪ್ಪುಗಳನ್ನು ಕಾರ್ಯದರ್ಶಿಗಳ ಮುಂದೆ ತಮ್ಮ ತಲೆಗೆ ಕಟ್ಟಿಕೊಂಡು, ಆಮೇಲೆ ಬಾಗಿಲು ಹಾಕಿ ನಮಗೆ ಚಳಿ ಬಿಡಿಸುತ್ತಿದ್ದರು.

ಬಾಲ್ಯವಿವಾಹವನ್ನು ಮೊದಲೇ ತಡೆಯುವ ಅಧಿಕಾರವನ್ನು ಮಕ್ಕಳ ರಕ್ಷಣಾಧಿಕಾರಿಗೆ ಕೊಟ್ಟ ಕಾಯ್ದೆ ಅವರ ಮೊದಲ ದೊಡ್ಡ ಕೆಲಸ. ಎಲ್ಲ ಕರಡುಗಾರರೂ ರೂಢಿಯಿಂದ ಬರೆಯುವಂತೆ, ‘ಸರ್ಕಾರ ಗೊತ್ತುಪಡಿಸುವ ದಿನಾಂಕದಿಂದ ಜಾರಿಗೆ ಬರತಕ್ಕದ್ದು’ ಎಂದು ಅವರೂ ಬರೆದರು. ಸಭೆ ಒಪ್ಪಿತು, ರಾಜ್ಯಪಾಲರ ಅಂಕಿತ ಬಿತ್ತು, ಹಾರತುರಾಯಿಗಳಾದವು. ದಿನಾಂಕವನ್ನು ಮಾತ್ರ ಯಾರೂ ಗೊತ್ತುಪಡಿಸಲಿಲ್ಲ.

ಆ ನಡುವೆ ಒಂದು ಬೆಳಿಗ್ಗೆ ರಕ್ಷಣಾಧಿಕಾರಿಯ ಫೋನು ಬಂತು. ಮೇಡಂ ತಾವೇ ಮದುವೆ ಮಂಟಪಕ್ಕೆ ಓಡಿದರು. ಹುಡುಗಿಗೆ ಹದಿನಾಲ್ಕು. ಅವಳ ಚಿಕ್ಕಪ್ಪ ವಕೀಲರ ಗುಮಾಸ್ತ, ಪಳಗಿದ ಕುಳ.

“ಕಾಯ್ದೆ ಇದೆ ಅಂತ ನಂಗೂ ಗೊತ್ತಮ್ಮ. ಯಾವತ್ತಿಂದ ಜಾರಿ? ಅದನ್ನ ತೋರಿಸಿ, ಈಗ್ಲೇ ನಿಲ್ಲಿಸ್ತೀನಿ,” ಎಂದ.

ಜಾರಿಯ ದಿನಾಂಕ ಗೊತ್ತುಪಡಿಸುವ ಅಧಿಸೂಚನೆಯೇ ಹೊರಟಿರಲಿಲ್ಲ. ಬಾಗಿಲಲ್ಲಿ ನಿಂತಿದ್ದ ಹುಡುಗಿ ಇವರ ಕೈ ಹಿಡಿದು, “ಆಂಟಿ, ಈ ಕಾನೂನು ನಂಗಲ್ವಾ?” ಎಂದು ಕೇಳಿದಳು.

“ನಿನ್ನ ತಂಗಿಗೆ ಆಗುತ್ತೆ ಪುಟ್ಟಿ,” ಎಂದು ಬಾಯಿಗೆ ಬಂದದ್ದನ್ನು ಹೇಳಿಬಿಟ್ಟರು. ಆ ಉತ್ತರಕ್ಕಾಗಿ ಅವರು ಇಂದಿಗೂ ತಮ್ಮನ್ನು ಕ್ಷಮಿಸಿಕೊಂಡಿಲ್ಲ.

ಅಂದಿನಿಂದ ಮಕ್ಕಳಿಗೆ ಸಂಬಂಧಿಸಿದ ಪ್ರತಿ ಕರಡಿನಲ್ಲೂ ‘ತಕ್ಷಣದಿಂದ’ ಎಂದೇ ಬರೆದರು. ಮೇಲಿನವರು ಹೊಡೆದುಹಾಕಿದರೆ ಮತ್ತೆ ಬರೆದರು. ಹಟಮಾರಿ ಎನ್ನಿಸಿಕೊಂಡರು, ಬಡ್ತಿಯೂ ಕೈತಪ್ಪಿತು.

ಬಲವಂತದ ಮದುವೆಯಿಂದ ಬಿಡಿಸಿದ ಹುಡುಗಿಯರಿಗೆ ಆಶ್ರಯ, ಓದು ಕೊಡಿಸುವ ಮಸೂದೆ ಅವರ ಕೊನೆಯ ಕೆಲಸ. ಅದು ಒಂದೇ ಒಂದು ತಿದ್ದುಪಡಿಯೊಂದಿಗೆ ಅಂಗೀಕಾರವಾಯಿತು: ‘ತಕ್ಷಣದಿಂದ’ ಹೋಗಿ ‘ಗೊತ್ತುಪಡಿಸುವ ದಿನಾಂಕದಿಂದ’ ಬಂತು. ಸಭೆಯ ಗ್ಯಾಲರಿಯಲ್ಲಿದ್ದ ಮೇಡಂ ಕನ್ನಡಕ ತೆಗೆದು ಬಹಳ ಹೊತ್ತು ಒರೆಸುತ್ತಲೇ ಕುಳಿತಿದ್ದರು.

ಇಂಥ ಅಭಿನಂದನಾ ಸಂಪುಟಗಳಲ್ಲಿ ದೀರ್ಘಾಯುಷ್ಯ ಹಾರೈಸುವುದು ವಾಡಿಕೆ. ನಿವೃತ್ತಿಯ ಮರುದಿನವೇ ಮೇಡಂ ಹೊರಗಿನವರಂತೆ ಪ್ರವೇಶ ಚೀಟಿ ಪಡೆದು ಬಂದು, ಇಲಾಖೆಯ ಬೆಂಚಿನ ಮೇಲೆ ಕುಳಿತು, “ತಾರೀಖು ಆಯ್ತೇನಪ್ಪ?” ಎಂದು ಕೇಳಿದರು. ಈ ಸಾಲುಗಳನ್ನು ಬರೆಯುವ ಹೊತ್ತಿಗೂ ಆಗಿಲ್ಲ. ಅದು ಆಗುವವರೆಗಾದರೂ ಅವರು ಆರೋಗ್ಯದಿಂದಿರಲಿ, ಬಂದು ಕೇಳುತ್ತಲೇ ಇರಲಿ. ಅವರನ್ನು ಬಿಟ್ಟರೆ ಕೇಳುವವರು ನಮ್ಮಲ್ಲಿ ಇನ್ನೊಬ್ಬರಿಲ್ಲ.