ಲಿಲ್ಲಿಬಾಯಿಯ ಗಿಡದ ತುದಿ

ನಿನ್ನೆ ಬೆಳಗ್ಗೆ ನಮ್ಮ ಐರೋಲಿಯ ಸೊಸೈಟಿಯ ಮಾಲಿ ಉದ್ದ ಕತ್ತರಿ ಹಿಡಿದು, ಗೇಟಿನ ಪಕ್ಕದ ಕ್ರಿಸ್ಮಸ್ ಗಿಡದ ತುದಿಗೆ ಕೈಹಾಕಿದ್ದ. ಹಾಲಿನ ಚೀಲ ಅಲ್ಲೇ ಇಟ್ಟು, "ಅರೇ, ಥಾಂಬಾ!" ಎಂದು ಅವನನ್ನು ತಡೆಯಲು ಕೂಗುತ್ತ ಓಡಿದೆ. ಈ ಮಂಡಿನೋವಿನಲ್ಲೂ ಅಷ್ಟು ಜೋರಾಗಿ ಓಡಬಲ್ಲೆನೆಂದು ನನಗೇ ಗೊತ್ತಿರಲಿಲ್ಲ ನೋಡಿ. ವಾಚ್‌ಮನ್ ನಗುತ್ತಿದ್ದ. ನಗಲಿ ಬಿಡಿ, ಅವನಿಗೇನು ಗೊತ್ತು ನಮ್ಮ ಡೊಂಬಿವಲಿಯ ಕಥೆ.

ಎಪ್ಪತ್ತರ ದಶಕದ ಕೊನೆ, ಡೊಂಬಿವಲಿಯ ಚಾಳು. ನಾವು ಧಾರವಾಡದ ಕಡೆಯವರು, ಪಕ್ಕದ ಮನೆಯ ಲಿಲ್ಲಿಬಾಯಿ ಮಂಗಳೂರಿನವರು, ನಡುವೆ ಒಂದೇ ಗ್ಯಾಲರಿ. ಅವರ ಕನ್ನಡ ಕೇಳಿ ಅವ್ವನಿಗೆ ನಗು, ಅವ್ವನ ಕನ್ನಡ ಕೇಳಿ ಅವರಿಗೆ ನಗು. ಜಗಳ ಮಾತ್ರ ಇಬ್ಬರದೂ ಮರಾಠಿಯಲ್ಲಿ, ನೀರು ಬಿಡುವವನ ಜೊತೆ. ಲಿಲ್ಲಿಬಾಯಿಯ ಗಂಡ ಹಡಗಿನಲ್ಲಿ ಅಡುಗೆಯವರು. ಒಮ್ಮೆ ಬರುವಾಗ ಇಂಥದೇ ಒಂದು ಕ್ರಿಸ್ಮಸ್ ಗಿಡ ತಂದಿದ್ದರು. ಎಲ್ಲೋ ಸಮುದ್ರದ ನಡುವಿನ ಪುಟ್ಟ ದ್ವೀಪದ್ದಂತೆ, ವರ್ಷವಿಡೀ ಹಸಿರಂತೆ, ಅಲ್ಲೇ ಈಗ ಅಪರೂಪವಂತೆ. ವರ್ಷಕ್ಕೊಂದು ಸುತ್ತು ಕೊಂಬೆ, ಛತ್ರಿಯ ಮೇಲೆ ಛತ್ರಿ ಬಿಚ್ಚಿಟ್ಟ ಹಾಗೆ. ಮೂರು ಸುತ್ತು ಇದ್ದಾಗ ಗಂಡ ತೀರಿಕೊಂಡರು. ಆಮೇಲೆ ಇನ್ನೆರಡು ಬಂದಿದ್ದವು. ಲಿಲ್ಲಿಬಾಯಿ ಎಣಿಸುತ್ತಿದ್ದರು.

ಮಗಳ ಬಾಣಂತನಕ್ಕೆ ಊರಿಗೆ ಹೊರಟಾಗ ಕುಂಡವನ್ನು ನಮ್ಮ ತುಳಸಿಯ ಪಕ್ಕ ಇಟ್ಟು, ಅವ್ವನಿಗೆ "ಸುಶೀಲಕ್ಕ, ನೀರು ಮಾತ್ರ ಹಾಕಿ. ಬೇರೆ ಎಂತದೂ ಬೇಡ ಮಾರಾಯ್ರೆ" ಎಂದರು.

ನೀರು ಹಾಕಿ ಸುಮ್ಮನಿರುವುದು ಅವ್ವನಿಗೆ ಬರುತ್ತಿರಲಿಲ್ಲ. ತುಳಸಿಯ ಕುಡಿ ಚಿವುಟಿದರೆ ದಟ್ಟಗೆ ಚಿಗುರುತ್ತದಲ್ಲ, ಇದಕ್ಕೂ ಅದೇ ಉಪಚಾರ. "ಪಾಪ, ಎಷ್ಟ ಸೊರಗೇದ ನೋಡು. ಲಿಲ್ಲಿಬಾಯಿ ಬರೂದ್ರಾಗ ತುಂಬ್ಕೊಂಡು ನಿಂದ್ರತದ" ಎಂದು ಗೇಣುದ್ದ ತುದಿಯನ್ನು ಕತ್ತರಿಯಿಂದ ಕಚಕ್ಕನೆ ಕತ್ತರಿಸಿದಳು. ಕುಂಡ ಅಲುಗದಂತೆ ಹಿಡಿದವಳು ನಾನೇ. ಹಸಿರನ್ನು ಕಸಕ್ಕೆ ಹಾಕಲು ಮನಸ್ಸಾಗದೆ ಆ ತುಂಡನ್ನು ಎಣ್ಣೆ ಡಬ್ಬಿಯ ಮಣ್ಣಲ್ಲಿ ಊರಿದಳು.

ಎರಡು ತಿಂಗಳಾಯಿತು, ಗಿಡ ಚಿಗುರುವ ಲಕ್ಷಣವೇ ಇಲ್ಲ. ಅಷ್ಟರಲ್ಲಿ ಲಿಲ್ಲಿಬಾಯಿಯ ಪತ್ರ: "ಹೊಸ ಸುತ್ತು ಬಂತಾ? ತುದಿ ಹೋದರೆ ಮತ್ತೆ ನೆಟ್ಟಗೆ ಬೆಳೆಯುವುದಿಲ್ಲ ಅಂತ ಇವರು ಹೇಳ್ತಿದ್ದರು. ಮಕ್ಕಳು ಮುಟ್ಟದ ಹಾಗೆ ನೋಡಿ." ಓದಿ ಹೇಳಿದವಳೂ ನಾನೇ. "ಅಯ್ಯ ಶಿವನ, ಏನ ಮಾಡಿ ಕುಂತೆ!" ಎಂದು ಅವ್ವ ಗ್ಯಾಲರಿಯಲ್ಲೇ ಕುಸಿದಳು. ಗೋಂದು ಹಚ್ಚಿ ಅಂಟಿಸೋಣ ಎಂದು ಜಾಣತನ ತೋರಿಸಿದ ನಾನು ಬೆನ್ನಿಗೊಂದು ತಿಂದೆ.

ಮಳೆಗಾಲ ಮುಗಿದ ಮೇಲೆ ಲಿಲ್ಲಿಬಾಯಿ ಬಂದರು. ಅವರು ಚೀಲ ಇಳಿಸುವ ಮೊದಲೇ ಅವ್ವ ಎಲ್ಲ ಹೇಳಿಬಿಟ್ಟಳು. ಅವರು ಮೊಂಡು ತುದಿಯನ್ನು ಹೆಬ್ಬೆರಳಿನಿಂದ ಸವರಿದರು. ಅವ್ವ ಓಡಿಹೋಗಿ ಡಬ್ಬಿ ತಂದಳು. ಗೇಣುದ್ದದ ಆ ತುಂಡು ಬೇರು ಬಿಟ್ಟು ನೆಟ್ಟಗೆ ನಿಂತು, ತುದಿಯಲ್ಲಿ ಎಳೆಹಸಿರು ಮೂಡಿಸಿತ್ತು.

"ಇದನ್ನ ನೀವು ತೊಗೋರಿ. ಮೊಂಡ ನನಗಿರಲಿ."

ಲಿಲ್ಲಿಬಾಯಿ ಹಳೆಯ ಗಿಡದ ಕೆಳಗಿನ ಮೂರು ಸುತ್ತು ಎಣಿಸಿದರು. "ಬೇಡ ಸುಶೀಲಕ್ಕ. ನಮ್ಮವರು ಕೈಯಿಟ್ಟದ್ದು ಇದಕ್ಕೆ. ಮೇಲಿನದ್ದು ಅವರು ನೋಡಲೇ ಇಲ್ಲ. ಅದು ನಿಮಗೇ ಇರಲಿ."

ಕುಂಡ ಎತ್ತಿಕೊಂಡು ಒಳಗೆ ಹೋದರು. ಅವ್ವ ಮಧ್ಯಾಹ್ನ ಊಟ ಬಿಟ್ಟಳು. ಸಂಜೆ ಎಂದಿನಂತೆ ಅವರ ಮನೆಯಿಂದ ಬಟ್ಟಲಲ್ಲಿ ಸಾರು ಬಂತು, ಆಗ ಅತ್ತು, ಆಮೇಲೆ ಉಂಡಳು. ಬದುಕಿರುವ ತನಕ ಆ ಡಬ್ಬಿಯ ಗಿಡಕ್ಕೆ ಅವ್ವ ನೀರು ಬಿಟ್ಟು ಬೇರೇನೂ ಮಾಡಲಿಲ್ಲ.

ಮಾಲಿ ಕತ್ತರಿ ಹಿಡಿದು ನನ್ನನ್ನೇ ನೋಡುತ್ತಿದ್ದ. ಮರಾಠಿಯಲ್ಲಿ ಬೈಯಲು ಬಾಯಿ ತೆರೆದೆ. ಬಂದದ್ದು ನನ್ನ ಕನ್ನಡವೂ ಅಲ್ಲ: "ನೀರು ಮಾತ್ರ ಹಾಕು. ಬೇರೆ ಎಂತದೂ ಬೇಡ ಮಾರಾಯ."

ಅವನಿಗೆ ಒಂದಕ್ಷರವೂ ತಿಳಿದಿರಲಿಕ್ಕಿಲ್ಲ. ಆದರೂ ಕತ್ತರಿ ಕೆಳಗಿಟ್ಟು, ನೀರಿನ ಪೈಪು ತರಲು ಹೋದ.